ಏಳೂವರೆ ಅಡಿ ಕೋಣೆಯಲ್ಲಿ ಹತ್ತೋಕೆ ಒಂದು ಗೋಡೆ

ಗಂಗಾವತಿಯ ನಮ್ಮ ಮನೆಯ ಹಿಂದೆ ಒಂದು ಕೋಣೆ ಇದೆ. ಮೊದಲು ಭತ್ತದ ಚೀಲ ಒಟ್ಟುತ್ತಿದ್ದ ಜಾಗ. ಗೋಡೆ ಕಲ್ಲು ಮಣ್ಣಿನದು, ಮೇಲೆ ಚಪ್ಪಡಿ ಕಲ್ಲಿನ ಮಾಳಿಗೆ. ನೆಲದಿಂದ ಚಪ್ಪಡಿಗೆ 7 ಅಡಿ 6 ಇಂಚು. ನನ್ನ ಎತ್ತರ 5 ಅಡಿ 6 ಇಂಚು. ತುದಿಗಾಲಲ್ಲಿ ನಿಂತು ಕೈ ಚಾಚಿದರೆ ಬೆರಳು ಚಪ್ಪಡಿಗೆ ತಾಗಲು ಎರಡು ಇಂಚು ಬಾಕಿ ಅಷ್ಟೆ. ಈ ಕೋಣೆಯಲ್ಲಿ ಬಂಡೆ ಹತ್ತುವ ಅಭ್ಯಾಸಕ್ಕೆ ಒಂದು ಗೋಡೆ ಕಟ್ಟಿಕೊಂಡಿದ್ದೇನೆ. ನೋಡಿದವರೆಲ್ಲ ಮೊದಲು ಕೇಳುವುದು ಒಂದೇ: ಇಷ್ಟು ಗಿಡ್ಡ ಕೋಣೆಯಲ್ಲಿ ಹತ್ತುವುದು ಎಲ್ಲಿಗೆ?

ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಸರಿಯಾಗಿ ತಿಳಿಯೋಕೆ ನನಗೂ ಒಂದು ತಿಂಗಳು ಹಿಡಿಯಿತು. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮನೆ ಹತ್ತಿರವೇ ಇಷ್ಟು ಬಂಡೆಗಳಿರುವಾಗ ಪ್ಲೈವುಡ್ ಯಾಕೆ ಅಂತಲೂ ಕೇಳುತ್ತಾರೆ. ಆನೆಗೊಂದಿ, ಸಾಣಾಪುರದ ಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಹಗ್ಗವಿಲ್ಲದೆ, ಕೆಳಗೆ ದಪ್ಪ ಮ್ಯಾಟ್ ಹಾಕಿಕೊಂಡು ಗಿಡ್ಡ ಬಂಡೆ ಹತ್ತುವುದಕ್ಕೆ ಬೌಲ್ಡರಿಂಗ್ ಅನ್ನುತ್ತಾರೆ. ಅದಕ್ಕಾಗಿ ದೂರದ ದೇಶಗಳಿಂದ ಜನ ಇಲ್ಲಿಗೆ ಬರುತ್ತಾರೆ. ಆದರೆ ಅವರು ಬರುವುದು ನವೆಂಬರ್‌ನಿಂದ ಫೆಬ್ರುವರಿವರೆಗೆ. ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಬಂಡೆ ಮುಟ್ಟಿದರೆ ಹೆಂಚು ಮುಟ್ಟಿದ ಹಾಗೆ. ಆಮೇಲೆ ಮಳೆ. ದಿನವೂ ಕೆಲಸ ಮುಗಿಸಿ ಸಂಜೆ ಏಳಕ್ಕೆ ಮನೆ ಸೇರುವವನಿಗೆ ಬಂಡೆ ಸಿಗುವುದು ಭಾನುವಾರ ಮಾತ್ರ. ವಾರಕ್ಕೆ ಒಂದು ದಿನ ಹತ್ತಿದರೆ ಬೆರಳಿಗೆ ಬಲ ಬರೋದಿಲ್ಲ. ಅದಕ್ಕೇ ಮನೆಯಲ್ಲೊಂದು ಗೋಡೆ ಬೇಕು ಅನ್ನಿಸಿದ್ದು.

ಎತ್ತರ ಸಿಗದಿದ್ದರೆ ಓರೆ

ಮೊದಲು ನನ್ನ ತಲೆಯಲ್ಲಿದ್ದದ್ದು ನೆಟ್ಟಗಿನ ಗೋಡೆ. ಇದ್ದ ಗೋಡೆಗೆ ಪ್ಲೈವುಡ್ ಹೊಡೆದು, ಹಿಡಿಯೋಕೆ, ಕಾಲಿಡೋಕೆ ಹೋಲ್ಡ್ ಅನ್ನುವ ಉಬ್ಬು ತುಂಡುಗಳನ್ನು ಕೂರಿಸಿದರೆ ಆಯಿತು ಅಂದುಕೊಂಡಿದ್ದೆ. ಕಾಗದದ ಮೇಲೆ ಬರೆದಾಗ ತೊಂದರೆ ಕಂಡಿತು. ನೆಲದ ಮೇಲೆ ನಿಂತೇ ನಾನು 7 ಅಡಿ ಮುಟ್ಟುತ್ತೇನೆ. ಅಂದರೆ ಹತ್ತುವ ಮೊದಲೇ ಗೋಡೆ ಮುಗಿದಿದೆ. ಕುಳಿತು ಶುರು ಮಾಡಿದರೂ ಎರಡು ಸಲ ಕೈ ಬದಲಿಸುವಷ್ಟರಲ್ಲಿ ತಲೆ ಚಪ್ಪಡಿಗೆ ಬರುತ್ತದೆ.

ಈಗ ಒಂದು ಏಣಿಯನ್ನು ನೆನೆಯಿರಿ. ಗೋಡೆಗೆ ಒರಗಿಸಿದ ಏಣಿಯ ಬುಡವನ್ನು ಹೊರಗೆ ಎಳೆಯುತ್ತಾ ಹೋದರೆ ತುದಿ ಕೆಳಗೆ ಇಳಿಯುತ್ತಾ ಬರುತ್ತದೆ. ಏಣಿಯ ಉದ್ದ ಮಾತ್ರ ಒಂದು ಇಂಚೂ ಕಡಿಮೆ ಆಗುವುದಿಲ್ಲ. ನಮ್ಮ ಗೋಡೆಯೂ ಹಾಗೇ. ನಾವು ಹತ್ತುವುದು ಏಣಿಯ ಅಡಿಭಾಗದಲ್ಲಿ, ಜೋತುಬಿದ್ದು. ಹಲಗೆ ನಮ್ಮ ಕಡೆಗೆ ವಾಲಿದಷ್ಟೂ ಅದಕ್ಕೆ ಬೇಕಾದ ಎತ್ತರ ಇಳಿಯುತ್ತದೆ. ಹತ್ತುವ ಉದ್ದ ಹಾಗೇ ಉಳಿಯುತ್ತದೆ. ಎತ್ತರದಲ್ಲಿ ಉಳಿಸಿದ್ದನ್ನು ನೆಲದಲ್ಲಿ ಕೊಡಬೇಕು, ಅಷ್ಟೇ.

ಅಂಗಡಿಯಲ್ಲಿ ಸಿಗುವ ಪ್ಲೈವುಡ್ 8 ಅಡಿ ಉದ್ದ, 4 ಅಡಿ ಅಗಲ. ಇಡೀ ಹಲಗೆಯನ್ನು ನೆಟ್ಟಗಿನಿಂದ 20 ಡಿಗ್ರಿ ವಾಲಿಸಿದರೆ 7 ಅಡಿ 6 ಇಂಚು ಎತ್ತರ ಬೇಕು, ತುದಿ ಗೋಡೆಯಿಂದ 2 ಅಡಿ 9 ಇಂಚು ಮುಂದೆ ಬರುತ್ತದೆ. 30 ಡಿಗ್ರಿಗೆ ಎತ್ತರ 6 ಅಡಿ 11 ಇಂಚಿಗೆ ಇಳಿಯುತ್ತದೆ, ಮುಂಚಾಚು 4 ಅಡಿ. 40 ಡಿಗ್ರಿಗೆ ಎತ್ತರ 6 ಅಡಿ ಒಂದೂವರೆ ಇಂಚು, ಮುಂಚಾಚು ಸುಮಾರು 5 ಅಡಿ 2 ಇಂಚು. 45ಕ್ಕೆ ಬಂದರೆ ಎರಡೂ ಒಂದೇ, 5 ಅಡಿ 8 ಇಂಚು. ಈ ಲೆಕ್ಕಕ್ಕೆ ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಹಲಗೆಯ ಉದ್ದವನ್ನು ಕೋನದ ಕೊಸೈನ್‌ನಿಂದ ಗುಣಿಸಿದರೆ ಎತ್ತರ, ಸೈನ್‌ನಿಂದ ಗುಣಿಸಿದರೆ ಮುಂಚಾಚು. ಹತ್ತನೇ ತರಗತಿಯಲ್ಲಿ ಕಲಿತ ಪಾಠ ಇಲ್ಲಿ ನಿಜವಾಗಿ ಕೈಗೆ ಬರುತ್ತದೆ.

ಇದು ಬಡವರ ಉಪಾಯ ಅಂತ ಅಂದುಕೊಳ್ಳಬೇಡಿ. ವಾಲಿದ ಹಲಗೆ ಹತ್ತುವವರ ಲೋಕದಲ್ಲಿ ದೊಡ್ಡ ತರಬೇತಿಯ ಸಾಧನ. ಬಂಡೆ ಹತ್ತುವ ಬ್ರಿಟನ್ನಿನ ಬೆನ್ ಮೂನ್ 2005ರಲ್ಲಿ ತಂದ ಮೂನ್‌ಬೋರ್ಡ್ ಅನ್ನುವ ಹಲಗೆ ಈಗ ಲೋಕದ ಎಷ್ಟೋ ಕಡೆ ಇದೆ. ಅದರ ಮುಖ್ಯ ಕೋನ 40 ಡಿಗ್ರಿ. ಜರ್ಮನಿಯ ವೋಲ್ಫ್‌ಗಾಂಗ್ ಗುಲ್ಲಿಷ್ 1988ರಲ್ಲಿ ನ್ಯೂರೆಂಬರ್ಗ್‌ನ ಒಂದು ಜಿಮ್‌ನಲ್ಲಿ ವಾಲಿದ ಹಲಗೆಗೆ ಮರದ ಪಟ್ಟಿ ಹೊಡೆದು, ಕಾಲು ಇಡದೆ ಬರೀ ಕೈಯಲ್ಲಿ ಏರುತ್ತಿದ್ದರು. ಮೂರು ವರ್ಷದ ನಂತರ, 1991ರಲ್ಲಿ, ಆವರೆಗೆ ಯಾರೂ ಹತ್ತದಷ್ಟು ಕಷ್ಟದ ದಾರಿಯನ್ನು ಅವರು ಬಂಡೆಯ ಮೇಲೆ ಹತ್ತಿದರು. ಆ ಬಲ ಬೆಳೆದದ್ದು ಕೆಲವೇ ಅಡಿ ಹಲಗೆಯ ಮೇಲೆ. ಈ ವಿಷಯ ಓದಿದ ದಿನ ನನ್ನ ಭತ್ತದ ಕೋಣೆ ಗಿಡ್ಡ ಅನ್ನೋ ಬೇಸರ ಹೋಯಿತು.

ಮ್ಯಾಟ್ ತಿನ್ನುವ ಎತ್ತರ

40 ಡಿಗ್ರಿಗೆ 6 ಅಡಿ ಒಂದೂವರೆ ಇಂಚು ಸಾಕಲ್ವಾ, ಕೋಣೆ ಏಳೂವರೆ ಅಡಿ ಇದೆಯಲ್ಲ, ಬೇಕಾದಷ್ಟು ಜಾಗ ಉಳಿಯಿತು ಅಂತ ನಾನೂ ಖುಷಿಪಟ್ಟೆ. ಆದರೆ ಆ ಎತ್ತರವನ್ನು ಇನ್ನೂ ಮೂರು ವಸ್ತುಗಳು ಹಂಚಿಕೊಳ್ಳುತ್ತವೆ.

ಮೊದಲನೆಯದು ಬುಡದ ನೆಟ್ಟಗಿನ ಪಟ್ಟಿ. ಇದಕ್ಕೆ ಕಿಕ್ಕರ್ ಅನ್ನುತ್ತಾರೆ. ವಾಲಿದ ಹಲಗೆ ನೇರ ನೆಲದಿಂದಲೇ ಶುರುವಾದರೆ ಮೊದಲ ಹೋಲ್ಡ್ ಹಿಡಿದಾಗ ಕಾಲಿಡೋಕೆ ಜಾಗ ಇರುವುದಿಲ್ಲ, ಕುಂಡೆ ನೆಲಕ್ಕೆ ತಾಗುತ್ತದೆ. ಕಾಲಿಗೆ ಕನಿಷ್ಠ 9 ಇಂಚಿನ ಕಿಕ್ಕರ್ ಬೇಕು.

ಎರಡನೆಯದು ಮ್ಯಾಟ್. ಎಲ್ಲರೂ ಮರೆಯುವುದು ಇದನ್ನೇ. 6 ಇಂಚಿನ ಮ್ಯಾಟ್ ಹಾಸಿದರೆ 9 ಇಂಚಿನ ಕಿಕ್ಕರ್‌ನಲ್ಲಿ 6 ಇಂಚು ಅದರೊಳಗೆ ಮುಚ್ಚಿಹೋಗುತ್ತದೆ. ಕಿಕ್ಕರ್ ಅಳೆಯಬೇಕಾದ್ದು ನೆಲದಿಂದ ಅಲ್ಲ, ಮ್ಯಾಟಿನ ಮೇಲಿನಿಂದ. ಹಾಗಾಗಿ ಅದು ಒಟ್ಟು 15 ಇಂಚು ಆಗಬೇಕು.

ಮೂರನೆಯದು ಹಲಗೆ ಮತ್ತು ಅದರ ಹಿಂದಿನ ಚೌಕಟ್ಟು ಎರಡರ ದಪ್ಪ. ಹಲಗೆ ವಾಲಿದಾಗ ಅದರ ಹಿಂದಿನ ಮೂಲೆ ಮುಂದಿನ ಮೂಲೆಗಿಂತ ಮೇಲಿರುತ್ತದೆ. 6 ಇಂಚಿನ ಮರದ ತೊಲೆ ಇಟ್ಟರೆ ಇಲ್ಲಿ 4 ಇಂಚಿಗೂ ಜಾಸ್ತಿ ಹೋಗುತ್ತದೆ. 2 ಇಂಚಿನ ಕಬ್ಬಿಣದ ಪೈಪ್ ಆದರೆ 2 ಇಂಚಿನೊಳಗೆ ಮುಗಿಯುತ್ತದೆ.

ಈಗ ಕೂಡಿಸಿ. ಹಲಗೆಗೆ 73.5 ಇಂಚು, ಕಿಕ್ಕರ್‌ಗೆ 15, ಪೈಪಿಗೆ 2. ಒಟ್ಟು 90.5 ಇಂಚು. ನನ್ನ ಕೋಣೆ 90 ಇಂಚು. ಅರ್ಧ ಇಂಚಿಗೆ ಸಿಕ್ಕಿಹಾಕಿಕೊಂಡಿತು!

ಎರಡು ದಾರಿ ಇದ್ದವು. 45 ಡಿಗ್ರಿಗೆ ವಾಲಿಸುವುದು, ಇಲ್ಲವೇ ಹಲಗೆ ಕತ್ತರಿಸುವುದು. ನಾನು 6 ಇಂಚು ಕತ್ತರಿಸಿ 40ರಲ್ಲೇ ಉಳಿದೆ. 5 ಡಿಗ್ರಿ ಕಾಗದದ ಮೇಲೆ ಸಣ್ಣದು, ಮೈಗೆ ಸಣ್ಣದಲ್ಲ. ವಾಲಿದಷ್ಟೂ ಕಾಲಿನ ಮೇಲಿನ ಭಾರ ಕೈಗೆ ಬರುತ್ತದೆ. ಹೊಸಬರು 45ರ ಹಲಗೆಯಲ್ಲಿ ದೊಡ್ಡ ಹೋಲ್ಡ್ ಬಿಟ್ಟು ಬೇರೇನೂ ಹಿಡಿಯಲಾರರು. ನಮ್ಮ ಮನೆಯಲ್ಲಿ ನನ್ನ ಜೊತೆ ಅಕ್ಕನ ಮಗನೂ ಹತ್ತುತ್ತಾನೆ, ಹನ್ನೊಂದು ವರ್ಷದ ಹುಡುಗ. ಅವನಿಗೂ ಆಗಬೇಕು ಅಲ್ವಾ? ಕತ್ತರಿಸಿದ ಮೇಲೆ ಚಪ್ಪಡಿಗೂ ಚೌಕಟ್ಟಿಗೂ ನಡುವೆ 4 ಇಂಚು ಉಳಿಯಿತು. ಆ ಸಂದಿ ಇರಲೇಬೇಕು. ಅಷ್ಟಿದ್ದರೂ ಚೌಕಟ್ಟನ್ನು ನೆಲದ ಮೇಲೆ ಪೂರ್ತಿ ಜೋಡಿಸಿ ಎಬ್ಬಿಸಲು ಹೋದರೆ ಮೂಲೆ ಚಪ್ಪಡಿಗೆ ಬಡಿಯುತ್ತದೆ. ಬಿಡಿ ಬಿಡಿಯಾಗಿ ಒಳಗೆ ತಂದು, ನಿಂತ ಜಾಗದಲ್ಲೇ ಜೋಡಿಸಬೇಕು.

ಇನ್ನೊಂದು ಮಾತು. ಇಷ್ಟು ಗಿಡ್ಡ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ಇದ್ದರೆ ಕೆಲಸ ಶುರು ಮಾಡುವ ಮೊದಲೇ ಬಿಚ್ಚಿಸಿ. ಸ್ಟ್ಯಾಂಡ್ ಫ್ಯಾನ್ ಸಾಕು.

ಚಪ್ಪಡಿಗೆ ಕೈ ಹಚ್ಚಬೇಡಿ

ಹೊರದೇಶದವರು ಹಾಕುವ ನಕ್ಷೆಗಳಲ್ಲಿ ಹಲಗೆಯ ತುದಿಯನ್ನು ಮನೆಯ ಮರದ ಜಂತಿಗೆ ಸ್ಕ್ರೂ ಹಾಕಿ ಬಿಗಿಯುತ್ತಾರೆ. ಅವರ ಮನೆಗಳಿಗೆ ಅದು ಸರಿ. ನಮ್ಮ ಕೊಪ್ಪಳ, ರಾಯಚೂರು ಕಡೆಯ ಹಳೆಯ ಮನೆಗೆ ಅದು ಅಪಾಯ. ಕಲ್ಲು ಚಪ್ಪಡಿ ತನ್ನ ಮೇಲಿನ ಮಣ್ಣಿನ ಭಾರವನ್ನು ಎಷ್ಟೋ ವರ್ಷದಿಂದ ಹೊತ್ತಿದೆ. ಒತ್ತಿದರೆ ಕಲ್ಲು ತಡೆಯುತ್ತದೆ, ಬಗ್ಗಿಸಿದರೆ ತಡೆಯುವುದಿಲ್ಲ. ಅದಕ್ಕೆ ತೂತು ಹಾಕಿ, ಕೆಳಗಿನಿಂದ ಎಳೆಯುವ ಭಾರ ಕಟ್ಟಿದರೆ ಒಂದು ದಿನ ಸೀಳುತ್ತದೆ. ಮಣ್ಣಿನ ಮಾಳಿಗೆಯ ಹಳೆಯ ತೊಲೆಗಳ ಒಳಗೆ ಗೆದ್ದಲು ಎಷ್ಟು ತಿಂದಿದೆಯೋ ಹೊರಗಿನಿಂದ ಕಾಣದು. ಮಣ್ಣು ಮೆತ್ತಿದ ಕಲ್ಲು ಗೋಡೆಯಲ್ಲಿ ಆಂಕರ್ ಬೋಲ್ಟ್ ಹಿಡಿಯುವುದಿಲ್ಲ, ಸುಮ್ನೆ ತಿರುಗುತ್ತದೆ. ಆರ್‌ಸಿಸಿ ಮನೆ ಇದ್ದವರು ಕಾಂಕ್ರೀಟ್ ಬೀಮ್‌ಗೆ ಬೋಲ್ಟ್ ಹಾಕಬಹುದು, ಅದೂ ತಿಳಿದವರಿಗೆ ತೋರಿಸಿ.

ಹಾಗಾದರೆ ಚೌಕಟ್ಟು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಮರದಲ್ಲಿ ಮಾಡಬಹುದು, ಆದರೆ ನಮ್ಮ ಕಡೆ ಒಣಗಿದ, ನೆಟ್ಟಗಿನ ಮರ ದುಬಾರಿ. ಕಬ್ಬಿಣ ಮಾತ್ರ ನಮ್ಮದೇ ಸರಕು. ತೋರಣಗಲ್ಲು, ಗಿಣಿಗೇರಿಯ ಕಾರ್ಖಾನೆಗಳ ಸೀಮೆ ಇದು. ಪ್ರತಿ ಊರಲ್ಲೂ ವೆಲ್ಡಿಂಗ್ ಅಂಗಡಿ ಇದೆ. ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ ಮಾಡುವ ಕೈಗೆ ಈ ಕೆಲಸ ಕಷ್ಟವೇನಲ್ಲ. ನಾನು 50 ಮಿಲಿಮೀಟರ್ ಚೌಕ ಪೈಪ್, 3 ಮಿಲಿಮೀಟರ್ ದಪ್ಪದ್ದು ತೆಗೆದುಕೊಂಡೆ. ನಕ್ಷೆ ನೋಡಿದ ವೆಲ್ಡಿಂಗ್‌ನವರು ಕೇಳಿದರು:

"ಸರ, ನೆಟ್ಟಗ ನಿಲ್ಲಿಸಿದ್ರ ಗಟ್ಟಿ ಇರ್ತೈತಲ್ರಿ. ಹಿಂಗ ವಾಲಿಸಿದ್ರ ಮುಂದಕ ಬೀಳಂಗಿಲ್ಲೇನ್ರಿ?"

"ಬೀಳಬಾರದಂಗ ಮಾಡೋಣು ಅಂತನ ನಿಮ್ಮ ಕಡೆ ಬಂದೀನ್ರಿ ಅಣ್ಣಾ."

ಅವರ ಅನುಮಾನ ನೂರಕ್ಕೆ ನೂರು ಸರಿ. ಹತ್ತುವವನು ಹಲಗೆಯ ತುದಿಗೆ ಬಂದಾಗ ಅವನ ಭಾರ ಹಿಂದಿನ ಗೋಡೆಯಿಂದ ಸುಮಾರು 5 ಅಡಿ ಮುಂದೆ ಇರುತ್ತದೆ. ಬುಡ ಗಿಡ್ಡದಾಗಿದ್ದರೆ ಚೌಕಟ್ಟು ಮುಗ್ಗರಿಸುತ್ತದೆ. ಅದಕ್ಕೆ ಎರಡೂ ಪಕ್ಕದಲ್ಲಿ ಒಂದೊಂದು ತ್ರಿಕೋನ ಮಾಡಿದೆವು. ನೆಲದ ಮೇಲೆ ಮಲಗಿದ ಒಂದು ಪೈಪ್, ಹಲಗೆಯ ತುದಿಯ ಕೆಳಗೇ ನೆಟ್ಟಗೆ ನಿಂತ ಒಂದು ಕಂಬ, ಬುಡದಿಂದ ಆ ಕಂಬದ ನೆತ್ತಿಗೆ ಏರುವ ಓರೆ ಪೈಪ್. ಚೌಕವನ್ನು ತಳ್ಳಿದರೆ ಓರೆಯಾಗುತ್ತದೆ. ತ್ರಿಕೋನ ಹಾಗಲ್ಲ, ಪೈಪೇ ಬಗ್ಗಬೇಕು ಅಥವಾ ವೆಲ್ಡಿಂಗ್ ಬಿಡಬೇಕು. ಕಂಬ ತುದಿಯ ಕೆಳಗೇ ಇರುವುದರಿಂದ ಮುಗ್ಗರಿಸುವ ಮಾತಿಲ್ಲ. ಅಡ್ಡಕ್ಕೆ ಅಲುಗದಂತೆ ಹಿಡಿಯುವ ಕೆಲಸವನ್ನು ಪ್ಲೈವುಡ್ಡೇ ಮಾಡುತ್ತದೆ. ಕಂಬದ ಕೆಳಗೆ 6 ಇಂಚು ಚೌಕದ ಕಬ್ಬಿಣದ ತಟ್ಟೆ ಇಟ್ಟು, ಅದರಡಿ ರಬ್ಬರ್ ಹಾಕಿ. ನೆಲದ ಕಲ್ಲು ಸೀಳುವುದಿಲ್ಲ, ಸದ್ದೂ ಕಡಿಮೆ. ಕಂಬಗಳಿಗೆ ಆಳೆತ್ತರ ಫೋಮ್ ಸುತ್ತಿ. ಬೀಳುವಾಗ ತಲೆ ತಾಗುವುದು ಅಲ್ಲಿಗೇ.

ಎಷ್ಟು ಭಾರಕ್ಕೆ ಕಟ್ಟಬೇಕು? 70 ಕಿಲೋ ಮನುಷ್ಯ ಸುಮ್ಮನೆ ಜೋತರೆ 70 ಕಿಲೋ. ಹಾರಿ ಹಿಡಿದಾಗ ಆ ಒಂದು ಕ್ಷಣ ಎರಡರಷ್ಟು ದಾಟಬಹುದು. ಲೆಕ್ಕವನ್ನು ಯಾವಾಗಲೂ ಕೈಬಿಚ್ಚಿ ಇಟ್ಟುಕೊಳ್ಳಿ. ನಾನು ಪರಿಚಯದ ಸಿವಿಲ್ ಎಂಜಿನಿಯರ್ ಒಬ್ಬರಿಗೆ ನಕ್ಷೆ ತೋರಿಸಿಯೇ ಪೈಪ್ ತಂದೆ. ನೀವೂ ಹಾಗೇ ಮಾಡಿ.

ಹಲಗೆ, ನಟ್, ತೂತು

ಪ್ಲೈವುಡ್ 18 ಮಿಲಿಮೀಟರ್ ಇರಲಿ, ಬಿಡಬ್ಲ್ಯೂಆರ್ ದರ್ಜೆಯದು, ಅಂದರೆ ಕುದಿಯುವ ನೀರಿಗೂ ತಡೆಯುವಂಥದ್ದು. ಮಳೆಗಾಲದ ತೇವಕ್ಕೂ ಬೆವರಿಗೂ ಸಾಮಾನ್ಯ ಎಂಆರ್ ದರ್ಜೆಯ ಹಲಗೆ ಪದರ ಬಿಡಬಹುದು. ಒಂದು ವಿಷಯ ಗಮನಿಸಿ. ವಾಲಿದ ಗೋಡೆಯಲ್ಲಿ ಪ್ಲೈವುಡ್ ಪೈಪಿನ ಮೇಲೆ ಕೂತಿರುವುದಿಲ್ಲ, ಪೈಪಿನ ಕೆಳಗೆ ಜೋತಿರುತ್ತದೆ. ಹತ್ತುವವನು ಅದನ್ನು ಪೈಪಿನಿಂದ ಕೀಳುವ ಕಡೆಗೇ ಎಳೆಯುತ್ತಾನೆ. ಬರೀ ಸ್ಕ್ರೂ ನಂಬಬೇಡಿ. ಪೈಪಿಗೂ ಹಲಗೆಗೂ ಸೇರಿಸಿ ತೂತು ಹಾಕಿ, ವಾಷರ್ ಇಟ್ಟು ಬೋಲ್ಟ್ ಬಿಗಿಯಿರಿ.

ಹೋಲ್ಡ್ ಹಿಡಿದಿಡುವುದು ಟೀ ನಟ್. ಮೊಳೆಯಂಥ ಹಲ್ಲುಗಳಿರುವ ಅಗಲ ತಲೆಯ ನಟ್ ಅದು, ಸೋಫಾ ಮಾಡುವವರ ಹತ್ತಿರ ಸಣ್ಣವು ಇರುತ್ತವೆ. ನಮಗೆ ಬೇಕಾದ್ದು ಎಂ10, ಅಂದರೆ 10 ಮಿಲಿಮೀಟರ್ ಬೋಲ್ಟ್ ಹಿಡಿಯುವಂಥದ್ದು. ಹಲಗೆಯ ಹಿಂದಿನಿಂದ ಬಡಿದು ಕೂರಿಸಬೇಕು. ಹಾಗಿದ್ದರೆ ಮುಂದೆ ಎಳೆದಷ್ಟೂ ಅದರ ತಲೆ ಹಲಗೆಗೆ ಬಿಗಿಯಾಗುತ್ತದೆ. ತೂತು ಸುಮಾರು 12 ಮಿಲಿಮೀಟರ್, ಆದರೆ ನೀವು ತಂದ ನಟ್ ಅಳೆದು, ಒಂದು ತುಂಡು ಹಲಗೆಯಲ್ಲಿ ನೋಡಿಯೇ ಮುಂದುವರಿಯಿರಿ. ಕೆಲವು ಹೋಲ್ಡ್‌ಗಳ ಜೊತೆ 3/8 ಇಂಚಿನ ಬೋಲ್ಟ್ ಬರುತ್ತದೆ. ನೋಡೋಕೆ ಎಂ10ನಂತೆಯೇ. ಆದರೆ ಅರ್ಧ ಮಿಲಿಮೀಟರ್ ಸಣ್ಣ. ಎಂ10 ನಟ್‌ಗೆ ಅದು ಸಡಿಲವಾಗಿ ಇಳಿದು, ಬಿಗಿಯಾದಂತೆ ಕಂಡು, ಭಾರ ಬಿದ್ದಾಗ ಕಿತ್ತು ಬರಬಹುದು. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಲೇಬೇಡಿ.

ತೂತುಗಳ ನಡುವೆ 20 ಸೆಂಟಿಮೀಟರ್ ಇಟ್ಟರೆ ಚೆನ್ನ. ನನ್ನ ಗೋಡೆ ಎರಡು ಹಲಗೆ ಅಗಲ, ಅಂದರೆ 244 ಸೆಂಟಿಮೀಟರ್. 11 ಸಾಲು ಎಳೆದರೆ ಎರಡೂ ಕಡೆ 22 ಸೆಂಟಿಮೀಟರ್ ಅಂಚು ಸಮನಾಗಿ ಉಳಿಯುತ್ತದೆ, ನೋಡೋಕೆ ಚೆಂದ. ಹಾಗೇ ಗುರುತು ಹಾಕಿದ್ದೆ. ಡ್ರಿಲ್ ಕೈಗೆತ್ತಿಕೊಂಡಾಗ ಕಂಡಿತು: ನಡುವಿನ ಸಾಲು ಸರಿಯಾಗಿ 122ಕ್ಕೆ, ಎರಡು ಹಲಗೆ ಕೂಡುವ ಸಂದಿಗೇ ಬಂದಿದೆ. ಅದರ ಹಿಂದೆ ಪೈಪೂ ಇದೆ. ಅಳಿಸಿ, ಅಂಚಿನಿಂದ 12 ಸೆಂಟಿಮೀಟರ್‌ಗೆ ಶುರು ಮಾಡಿ 12 ಸಾಲು ಹಾಕಿದೆ. ಸಂದಿ 112 ಮತ್ತು 132ರ ನಡುವೆ ಸಿಕ್ಕಿತು. 2 ಅಡಿಗೊಂದರಂತೆ ಇರುವ ಪೈಪುಗಳಲ್ಲಿ ಒಂದೂ ನಟ್‌ಗೆ ಅಡ್ಡ ಬರಲಿಲ್ಲ. ಮೇಲಕ್ಕೆ 11 ಸಾಲು. ಒಟ್ಟು 132 ತೂತು.

ಎಂದೋ ಒಂದು ನಟ್ ಸಡಿಲಾಗಿಯೇ ಆಗುತ್ತದೆ. ಆಗ ಹಲಗೆಯ ಹಿಂದೆ ಕೈ ಹೋಗಬೇಕು. ನನ್ನ ಕೋಣೆ 10 ಅಡಿ ಅಗಲ, ಗೋಡೆ 8 ಅಡಿ. ಎರಡೂ ಪಕ್ಕ ಒಂದೊಂದು ಅಡಿ ಬಿಡುವ ಬದಲು ಒಂದೇ ಪಕ್ಕಕ್ಕೆ 2 ಅಡಿ ಬಿಟ್ಟೆ. ಒಬ್ಬರು ನುಸುಳಬಹುದು.

ಹೋಲ್ಡ್‌ಗಳೇ ಜಾಸ್ತಿ ಖರ್ಚು. ಅರ್ಧದಷ್ಟನ್ನು ಬಡಗಿ ಅಂಗಡಿಯ ತೇಗದ ಚೂರುಗಳಿಂದ ನಾನೇ ಮಾಡಿದೆ. ಮರ ಚರ್ಮ ತಿನ್ನುವುದಿಲ್ಲ, ದಿನವೂ ಹಿಡಿಯಬಹುದು. ಅಂಚನ್ನು ಉಜ್ಜಿ ದುಂಡಗೆ ಮಾಡಿ, ಪಾಲಿಶ್ ಮಾತ್ರ ಬೇಡ, ಜಾರುತ್ತದೆ. ಪ್ರತಿ ಹೋಲ್ಡ್‌ಗೂ ಬೋಲ್ಟ್ ಜೊತೆ ಒಂದು ಸಣ್ಣ ಸ್ಕ್ರೂ ಹಾಕಿದರೆ ಕೈಯಲ್ಲಿ ತಿರುಗುವುದಿಲ್ಲ. ಎಡಕ್ಕೊಂದು ಹಾಕಿದರೆ ಬಲಕ್ಕೂ ಅಂಥದ್ದೇ ಒಂದು ಹಾಕಿ. ಎರಡೂ ತೋಳು ಸಮನಾಗಿ ದುಡಿಯುತ್ತವೆ. ನಿಜವಾದ ಗ್ರಾನೈಟ್ ಚೂರು ಕೂರಿಸುವ ಆಸೆ ನನಗೂ ಇತ್ತು. ಬೇಡ. ಭಾರ, ಮತ್ತು ಸೀಳಿದರೆ ಕೆಳಗಿರುವವರ ಮುಖಕ್ಕೆ.

ಬೀಳುವ ಜಾಗ

ಮನೆಯಲ್ಲಿದ್ದ ಹತ್ತಿ ಗಾದಿ ಹಾಸಿದರೆ ಸಾಕು ಅಂತ ಅಮ್ಮ ಹೇಳಿದರು. ಹತ್ತಿ ನಾಲ್ಕು ದಿನ ತುಳಿದರೆ ಒತ್ತಿ ಗಟ್ಟಿಯಾಗುತ್ತದೆ. ಪೆಟ್ಟು ತಿನ್ನುವ ಗುಣ ಅದಕ್ಕಿಲ್ಲ. ಹಾಸಿಗೆ ಅಂಗಡಿಯಲ್ಲಿ 4 ಇಂಚಿನ ಮೆತ್ತನೆ ಫೋಮ್, ಅದರ ಮೇಲೆ 2 ಇಂಚಿನ ರೀಬಾಂಡೆಡ್ ಫೋಮ್ ತನ್ನಿ. ಮೇಲಿನ ಗಟ್ಟಿ ಪದರ ಪಾದದ ಭಾರವನ್ನು ಹರಡುತ್ತದೆ, ಕೆಳಗಿನ ಮೆತ್ತನೆಯದು ಮೈಯ ವೇಗ ತಗ್ಗಿಸುತ್ತದೆ. ತಿರುಗಾಮುರುಗಾ ಹಾಕಿದರೆ ಪಾದ ಹೂತು ಹರಡು ಉಳುಕುತ್ತದೆ. ತುಂಡುಗಳ ನಡುವೆ ಸಂದಿ ಇದ್ದರೂ ಅದೇ ಗತಿ. ಇಡಿಯಾಗಿ ಒಂದು ಹೊದಿಕೆ ಹೊಲಿಸಿ.

ಹಲಗೆಯ ತುದಿ ಮುಗಿದಲ್ಲಿಗೆ ಮ್ಯಾಟ್ ಮುಗಿಸಬೇಡಿ. ವಾಲಿದ ಗೋಡೆಯಲ್ಲಿ ಕಾಲು ಜಾರಿದರೆ ಮೈ ಉಯ್ಯಾಲೆಯಂತೆ ಹಿಂದಕ್ಕೆ ತೂಗಿ, ಬೆನ್ನ ಮೇಲೆ ಬೀಳುತ್ತದೆ. ತುದಿಯಿಂದ ಇನ್ನೂ 4 ಅಡಿ ಮುಂದೆ ಇರಲಿ. ನನಗೆ ಒಟ್ಟು 9 ಅಡಿ ಬೇಕಾಯಿತು. ಬೀಳುವಾಗ ಮೊಣಕಾಲು ಮಡಚಿ, ಕೈ ಹಿಂದೆ ಊರಬೇಡಿ. ಮಣಿಕಟ್ಟು ಮುರಿಯುವುದು ಹಾಗೆಯೇ.

ಮಕ್ಕಳ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಬೆಳೆಯುವ ವಯಸ್ಸಿನಲ್ಲಿ ಬೆರಳೆಲುಬಿನ ತುದಿ ಇನ್ನೂ ಎಳೆಯದು. ಅಕ್ಕನ ಮಗ ದೊಡ್ಡ ಹೋಲ್ಡ್‌ಗಳಲ್ಲಿ ಆಡಿಕೊಂಡು ಹತ್ತಬಹುದು. ಕಾಲು ಬಿಟ್ಟು ಬೆರಳ ತುದಿಯಲ್ಲಿ ಜೋಲುವುದು, ಹಾರಿ ಹಿಡಿಯುವುದು ಅವನಿಗೆ ಸದ್ಯಕ್ಕಿಲ್ಲ. ಬೆರಳ ಗೆಣ್ಣು ನೋಯುತ್ತದೆ ಅಂದರೆ ಅಂದಿಗೆ ನಿಲ್ಲಿಸುತ್ತೇವೆ.

ಈ ಗೋಡೆ ಎಲ್ಲವನ್ನೂ ಕಲಿಸುವುದಿಲ್ಲ. ಬೆರಳು, ತೋಳು, ಹೊಟ್ಟೆಗೆ ಬಲ ಕೊಡುತ್ತದೆ. ಸಾಣಾಪುರದ ಇಳಿಜಾರು ಬಂಡೆಯ ಮೇಲೆ ಹಿಡಿಯೋಕೆ ಏನೂ ಇಲ್ಲದಾಗ, ಬರೀ ಪಾದವನ್ನು ನಂಬಿ ನಿಲ್ಲುವ ಪಾಠ ಅಲ್ಲಿಯೇ ಸಿಗಬೇಕು.

ಬೇಸಿಗೆಯಲ್ಲಿ ನಾನು ಹತ್ತುವುದು ಬೆಳಗಿನ ಐದೂವರೆಗೆ. ಹಗಲೆಲ್ಲ ಕಾದ ಚಪ್ಪಡಿ ರಾತ್ರಿ ಹತ್ತರವರೆಗೂ ಕಾವು ಬಿಡುತ್ತಿರುತ್ತದೆ, ಬೆವರಿಗೆ ಕೈ ನಿಲ್ಲುವುದಿಲ್ಲ. ಮಾಳಿಗೆಯ ಮೇಲೆ ಸುಣ್ಣ ಬಳಿಸಿದ ಮೇಲೆ ಸ್ವಲ್ಪ ಮೇಲು. ಕೈಗೆ ಹಚ್ಚುವ ಚಾಕ್ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ. ಮುಚ್ಚಿದ ಕೋಣೆಯಲ್ಲಿ ಅದರ ಧೂಳು ಎದೆಗೆ ಹೋಗುತ್ತದೆ. ಕಿಟಕಿ ತೆರೆದಿಡಿ.

ಎಲ್ಲ ಮುಗಿದ ದಿನ ನಾವು ಹತ್ತಲಿಲ್ಲ. ಮೊದಲು ಮೇಲಿನ ಸಾಲಿನ ಎಂಟು ಹೋಲ್ಡ್‌ಗಳಿಗೆ 25 ಕಿಲೋದ ಎಂಟು ಅಕ್ಕಿ ಚೀಲ ಹಗ್ಗದಲ್ಲಿ ಕಟ್ಟಿ ಇಳಿಬಿಟ್ಟೆವು. ಒಟ್ಟು 200 ಕಿಲೋ. ಚೌಕಟ್ಟಿನ ನೆತ್ತಿಯಿಂದ ಚಪ್ಪಡಿಗೆ ಎಷ್ಟು ಅಂತರ ಅಂತ ಎರಡೂ ಮೂಲೆಯಲ್ಲಿ ಅಳೆದು, ಪೈಪಿನ ಮೇಲೇ ಸೀಮೆಸುಣ್ಣದಲ್ಲಿ ಬರೆದೆ. ರಾತ್ರಿಯಿಡೀ ಹಾಗೇ ಬಿಟ್ಟೆವು. ಬೆಳಿಗ್ಗೆ ವೆಲ್ಡಿಂಗ್‌ನವರೂ ಬಂದರು. ಟೇಪ್ ಅವರೇ ಹಿಡಿದರು. ಎರಡೂ ಮೂಲೆಯಲ್ಲಿ ಅಳತೆ ಅಷ್ಟೇ ಇತ್ತು. ಚೀಲ ಇಳಿಸಿ, ಬೋಲ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿದು, ಆಮೇಲೆ ಬೂಟು ಹಾಕಿದೆ. ಈಗಲೂ ಪ್ರತಿ ತಿಂಗಳ ಮೊದಲ ಭಾನುವಾರ ಅಲೆನ್ ಕೀ ಹಿಡಿದು ಒಂದೊಂದೇ ಬೋಲ್ಟ್ ನೋಡುತ್ತೇನೆ. ಎಣಿಸುವುದು ಅಕ್ಕನ ಮಗನ ಕೆಲಸ.